‘ಯುಎಫ್‌ಒ’ ಕುಣಿತ: ಮೊದಲ ಚರಣ ಕೈಗೆ ಬಂತು

ಪಿಂಕ್ ಲೇಡಿ ಎಂಬ ಗಾಯಕಿಯರ ಜೋಡಿಯ ‘ಯುಎಫ್‌ಒ’ (ಹಾರುವ ತಟ್ಟೆ) ಹಾಡಿನ ಮೊದಲ ಚರಣವನ್ನು ಈಗ ನಾನೂ ತಂಗಿಯೂ ಎಲ್ಲಿಯೂ ನಿಲ್ಲದೆ ಕುಣಿಯುತ್ತೇವೆ. ಪಲ್ಲವಿಯ ಹೆಜ್ಜೆಗಳು ಬಿಡಿಬಿಡಿಯಾಗಿ ಬಂದಿವೆ, ಕೂಡಿಸುವುದು ಬಾಕಿ.

ಈ ಜೋಡಿಯನ್ನು ಅರಿಯದವರಿಗೆ ನಾಲ್ಕು ಮಾತು. ಮೀ ಮತ್ತು ಕೇ ಜಪಾನಿನ ಶಿಜುವೋಕಾದ ಶಾಲಾ ಗೆಳತಿಯರು. 1976ರಲ್ಲಿ ಅವರ ಮೊದಲ ಹಾಡು ಬಂತು. ‘ಯುಎಫ್‌ಒ’ ಆರನೆಯ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್), 1977ರ ಡಿಸೆಂಬರಿನದು. ಸಾಹಿತ್ಯ ಯು ಅಕು, ಸಂಗೀತ ಶುನಿಚಿ ತೊಕುರಾ, ನೃತ್ಯ ಸಂಯೋಜನೆ ಹಾಜಿಮೆ ದೋಯಿ. ಬಾಯಿ ಬಿಡದೆಯೇ ತನ್ನ ಮನಸ್ಸನ್ನು ತಿಳಿದುಬಿಡುವ ಈ ಪ್ರಿಯಕರ ಬೇರೆ ಲೋಕದವನೇ ಇರಬೇಕು ಎಂದು ಹುಡುಗಿ ಬೆರಗಾಗುವ ಹಾಡು ಇದು. ಮರುವರ್ಷ ಜಪಾನ್ ರೆಕಾರ್ಡ್ ಪ್ರಶಸ್ತಿಯೂ ಸಿಕ್ಕಿತು. ಅಲ್ಲಿನ ಮಕ್ಕಳು ಟಿವಿ ನೋಡಿ ನೋಡಿಯೇ ಈ ಕುಣಿತ ಕಲಿತರು.

ನಮ್ಮ ಸಮಯವನ್ನೆಲ್ಲ ನುಂಗಿದ್ದು ಮಾತ್ರ ಆರಂಭದ ಆ ಒಂದು ಕೈ. ‘ಯೂಫೋ’ (ಯುಎಫ್‌ಒ ಎಂಬುದರ ಜಪಾನಿ ಉಚ್ಚಾರ) ಎಂಬ ಕೂಗಿನೊಂದಿಗೆ ತಲೆಯ ಹಿಂದಿನಿಂದ ಅಂಗೈ ಮೇಲೇಳುತ್ತದೆ, ಬೆಟ್ಟದ ಮರೆಯಿಂದ ಹಾರುವ ತಟ್ಟೆ ಎದ್ದಂತೆ. ಐದು ವರ್ಷದ ಮಗುವೂ ಮಾಡಬಲ್ಲ ಚಲನೆ. ಆದರೆ ಇಬ್ಬರು ಮಾಡುವಾಗ ಎರಡೂ ಕೈ ಒಂದೇ ಕ್ಷಣದಲ್ಲಿ ಹೊರಟು, ಒಂದೇ ವೇಗದಲ್ಲಿ ಏರಿ, ಒಂದೇ ಎತ್ತರದಲ್ಲಿ ನಿಲ್ಲಬೇಕು. ತಂಗಿಯ ತೋಳು ನನ್ನದಕ್ಕಿಂತ ಉದ್ದ. ಮೊಣಕೈಯ ಕೋನವನ್ನು ಸರಿಹೊಂದಿಸಿಕೊಂಡ ಮೇಲೆಯೇ ಬೆರಳತುದಿಗಳು ಕನ್ನಡಿಯಲ್ಲಿ ಒಂದೇ ಗೆರೆಗೆ ಬಂದವು. ದೋಯಿಯವರ ಜಾಣ್ಮೆ ಇರುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ: ಚಲನೆ ಸರಳ, ಕಷ್ಟವೆಲ್ಲ ಜೋಡಿಯದು.

ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರೆ ನೋಡುವವಳು ಕೂದಲೆಳೆಯಷ್ಟು ತಡವಾಗುತ್ತಾಳೆ. ಹಾಗಾಗಿ ಈಗ ಕನ್ನಡಿಗೆ ಬೆನ್ನು ಹಾಕಿ ನಿಲ್ಲುತ್ತೇವೆ; ಕೂಗಿಗೆ ಮುಂಚೆ ಒಟ್ಟಿಗೆ ಉಸಿರೆಳೆದುಕೊಳ್ಳುತ್ತೇವೆ. ಆ ಉಸಿರಿನ ಸದ್ದೇ ನಮಗೆ ತಾಳ.

ಮೀ ಮತ್ತು ಕೇ ಹಾಡುತ್ತಲೇ ಕುಣಿದವರು, ಒಂದು ಕೈಯಲ್ಲಿ ಸದಾ ಮೈಕ್. ಆ ಕೈ ಬಾಯಿಯ ಹತ್ತಿರ ನೆಟ್ಟಗೆ ನಿಂತಾಗ ಉಳಿದ ಕೈಯ ಬೀಸು ಎದ್ದು ಕಾಣುತ್ತದೆ. ನಾವು ಲಟ್ಟಣಿಗೆ ಹಿಡಿದು ಅಭ್ಯಾಸ ಮಾಡುತ್ತಿದ್ದೇವೆ. ಅದರ ಭಾರಕ್ಕೆ ಭುಜದ ನಿಲುವೇ ಬದಲಾಯಿತು, ಒಳ್ಳೆಯದಕ್ಕೇ. ಖಾಲಿ ಕೈಯಲ್ಲಿ ಕಲಿಯುವವರಿಗೆ ನನ್ನ ಮೊದಲ ಸಲಹೆ ಇದು.

ಇಬ್ಬರೂ ಭರತನಾಟ್ಯ ಕಲಿತವರು. ತಾಳ ಕಿವಿಗೆ ಬಿದ್ದೊಡನೆ ಮೈ ತಾನಾಗಿ ಅರಮಂಡಿಗೆ (ಮಂಡಿ ಬಾಗಿಸಿದ ಅರ್ಧ ಕೂತ ನಿಲುವು) ಇಳಿಯುತ್ತದೆ, ಸೊಂಟ ಅಲುಗದೆ ನಿಲ್ಲುತ್ತದೆ. ಇಲ್ಲಿ ಸೊಂಟವೇ ಆಡಬೇಕು. ತಂಗಿಗೆ ಬೇಗ ಒಲಿಯಿತು. ನನ್ನದು ಇನ್ನೂ ಸಡಿಲವಾಗುತ್ತಿದೆ.

ಉಡುಪಿಗೆ ಚಿಕ್ಕಪೇಟೆಯಿಂದ ಬೆಳ್ಳಿ ಬಣ್ಣದ ಚಮಕಿ ಬಟ್ಟೆ ತಂದಾಗಿದೆ. ಕತ್ತರಿಸಿದ ಅಂಚಿನಲ್ಲಿ ಚಮಕಿ ಉದುರುವುದರಿಂದ ಒಳಗೆ ಹತ್ತಿಯ ಪಟ್ಟಿ ಕೊಟ್ಟು ಹೊಲಿಯಬೇಕು ಎಂದು ಅಮ್ಮ ಹೇಳಿದ್ದಾರೆ, ಹೊಲಿಗೆ ಅವರದೇ.

ಮುಂದಿನ ಕೆಲಸ ಪಲ್ಲವಿ. ವಿಡಿಯೊವನ್ನು ಅರ್ಧ ವೇಗಕ್ಕೆ ಇಳಿಸಿ, ಕಾಲನ್ನು ಬಿಟ್ಟು ಕೈಗಳನ್ನಷ್ಟೇ ಮೊದಲು ಕೂಡಿಸುತ್ತೇವೆ. ಅದು ಕೂಡಿದರೆ ಭಾನುವಾರ ತಾರಸಿಯಲ್ಲಿ, ಲಟ್ಟಣಿಗೆಯೊಂದಿಗೇ, ಮೊದಲ ಚಿತ್ರೀಕರಣ.