ಎರಡು ಮನೆಗೆ ಒಂದೇ ಗೋಡೆ

ನನ್ನ ದೊಡ್ಡಮ್ಮನದು ಮಂಗಳೂರಿನ ರಥಬೀದಿ ಹತ್ತಿರದ ಹಳೆಯ ಸಾಲುಮನೆ. ಕೆಳಗೆ ಅಂಗಡಿ, ಅದರ ಹಿಂದೆ ಅಡುಗೆಮನೆ, ಮೇಲೆ ಮರದ ಉಪ್ಪರಿಗೆ. ಎರಡೂ ಬದಿಗೆ ನೆರೆಮನೆಗಳು ತಾಗಿಕೊಂಡೇ ಇದ್ದವು. ನಡುವೆ ಒಂದೇ ಗೋಡೆ.

ಇಂಥ ಮನೆ ಕಟ್ಟಿದವರ ಜಾಣತನ ಗೊತ್ತಾಗಬೇಕಾದರೆ ಮಾಡು, ಅಂದರೆ ಛಾವಣಿ ನೋಡಬೇಕು. ಇಳಿಜಾರು ಎರಡೇ ಕಡೆಗೆ. ಮುಂದೆ ಬೀದಿಗೆ, ಹಿಂದೆ ಹಿತ್ತಿಲಿಗೆ. ಪಕ್ಕಕ್ಕೆ ನೀರು ಬಿಡುವ ಹಾಗಿಲ್ಲ, ಅಲ್ಲಿ ಇನ್ನೊಬ್ಬರ ಮನೆ ಇದೆ ಅಲ್ವಾ? ಕಿಟಕಿ ಇಡುವ ಹಾಗೂ ಇಲ್ಲ. ಹಾಗಾಗಿ ನಡುಕೋಣೆಗೆ ಬೆಳಕು ಬರುವುದು ಮಾಡಿನ ಕನ್ನಡಿ ಹಂಚಿನಿಂದ. ದೊಡ್ಡಮ್ಮ ಅಕ್ಕಿ ಆರಿಸುವುದು ಆ ಬೆಳಕು ಬಿದ್ದಲ್ಲೇ.

ಬೇರೆ ಕಡೆ ಸಾಲುಮನೆ ಎಂದರೆ ಇಟ್ಟಿಗೆ. ನಮ್ಮಲ್ಲಿ ಜೇಡಿಮಣ್ಣು ಸುಟ್ಟಿದ್ದು ಜಾಸ್ತಿ ಹಂಚಿಗೆ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಮುಳಿಹುಲ್ಲಿನ ಮಾಡಾದರೆ ಒಂದು ಮನೆಗೆ ಬೆಂಕಿ ಬಿದ್ದರೂ ಇಡೀ ಸಾಲಿಗೇ ಅಪಾಯ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚು ಆ ಭಯ ತಪ್ಪಿಸಿತು. ಗೋಡೆಗೆ ಮಾತ್ರ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಕಡಿಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಆದರೆ ಮೈತುಂಬ ತೂತು, ನೀರು ಹೀರುತ್ತದೆ.

ಈಚೆಗೆ ಪಡುಬದಿಯ ಮನೆಯನ್ನು ಕೆಡವಿದರು. ಅವರ ಜಾಗ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ತಲೆಮಾರುಗಳಿಂದ ಒಳಗೋಡೆಯಾಗಿದ್ದದ್ದು ಈಗ ಹೊರಗೋಡೆ. ಅದಕ್ಕೆ ಸೂರಿಲ್ಲ. ಮಳೆ ತಡೆಯುವ ಗಾರೆಯಿಲ್ಲ. ಕಲ್ಲುಗಳ ನಡುವೆ ಇರುವುದು ಬರೀ ಮಣ್ಣು. ಜೂನ್‌ನಲ್ಲಿ ಗಾಳಿಮಳೆ ಅಡ್ಡಕ್ಕೆ ಹೊಡೆದಾಗ ಉಪ್ಪರಿಗೆಯ ಒಳಗೆ ಗೋಡೆ ಕಪ್ಪಾಗುತ್ತಾ ಬಂತು. ನನಗೆ ಹೆದರಿಕೆ ಆದದ್ದು ಒದ್ದೆಗಲ್ಲ. ಉಪ್ಪರಿಗೆಯ ತೊಲೆಗಳ ತುದಿ ಕೂತಿರುವುದು ಅದೇ ಗೋಡೆಯ ಒಳಗೆ. ಮರಕ್ಕೆ ನೀರು ತಾಗುತ್ತಲೇ ಇದ್ದರೆ ಗೆದ್ದಲು ಬರಲು ಎಷ್ಟು ಹೊತ್ತು?

ಸಿಮೆಂಟ್ ಬಳಿಯೋಣ ಎಂದಿದ್ದೆವು. ಹಳೆ ಮೇಸ್ತ್ರಿ ಬೇಡವೆಂದರು. ಸಿಮೆಂಟ್ ಹೊರಗಿನಿಂದ ಮುಚ್ಚಿಬಿಟ್ಟರೆ ಒಳಗಿನ ತೇವ ಹೋಗುವುದು ಕಷ್ಟ. ಸುಣ್ಣದ ಗಾರೆಯಾದರೆ ಗೋಡೆ ಒಣಗುತ್ತದೆ. ಅದನ್ನು ಮಳೆಯಲ್ಲಿ ಮಾಡಲಾಗುವುದಿಲ್ಲ. ಸದ್ಯಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಮೇಲೆ ಟಾರ್ಪಾಲು ಹೊದೆಸಿದ್ದೇವೆ. ಡಿಸೆಂಬರಿನಲ್ಲಿ ಗಾರೆ, ಆಮೇಲೆ ಗೋಡೆಯ ತಲೆಗೆ ಎರಡು ಸಾಲು ಹಂಚಿನ ಸಣ್ಣ ಸೂರು.

ಸಾಲಿನಲ್ಲಿರುವ ಹಳೆ ಮನೆ ಕೆಡವುವವರಲ್ಲಿ ನನ್ನದೊಂದೇ ಕೇಳಿಕೆ. ಕೆಲಸ ದೀಪಾವಳಿ ಕಳೆದು ಶುರುಮಾಡಿ. ಉಳಿದ ಗೋಡೆಗೆ ಗಾರೆಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅದು ನಿಮ್ಮ ಗೋಡೆಯೂ ಆಗಿತ್ತು.