ಸ್ಕೂಲ್ ಗೇಟ್ ಮುಂದಿನ ಹೊಗೆ

ಇವತ್ತು ಮಗಳನ್ನ ಕರ್ಕೊಂಡು ಬರೋಕೆ ಹೋದ್ರೆ ಸ್ಕೂಲ್ ಗೇಟ್ ಮುಂದೆ ವ್ಯಾನ್ ಒಂದು ಇಂಜಿನ್ ಆಫ್ ಮಾಡ್ದೇನೆ ನಿಂತಿತ್ತು, ಸೈಲೆನ್ಸರ್ ಹೊಗೆ ನಮಗೆ ಮೊಣಕಾಲಿಗೆ ಬಡಿಯುತ್ತೆ, ಯುಕೆಜಿ ಮಕ್ಕಳಿಗೆ ಸೀದಾ ಮುಖಕ್ಕೇ.

ನಾವು ಕೆಮ್ಮು ನೆಗಡಿ ಅಂತಷ್ಟೇ ಹೆದರ್ತೀವಿ. ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ 39 ಶಾಲೆ ಮಕ್ಕಳನ್ನ ಒಂದು ವರ್ಷ ಗಮನಿಸಿ ಸಂಶೋಧಕರು 2015ರಲ್ಲಿ ಹೇಳಿದ್ರು, ಟ್ರಾಫಿಕ್ ಹೊಗೆ ಕಮ್ಮಿ ಇರೋ ಶಾಲೆಗಳಲ್ಲಿ ವರ್ಕಿಂಗ್ ಮೆಮೊರಿ 11.5% ಬೆಳೀತು, ಹೊಗೆ ಜಾಸ್ತಿ ಇರೋ ಕಡೆ ಬರೀ 7.4%. ಟೀಚರ್ ಹೇಳಿದ ಲೆಕ್ಕನ ತಲೇಲಿ ಹಿಡ್ಕೊಂಡು ಮಾಡೋ ಶಕ್ತಿ ಕಣ್ರೀ ಅದು!

ಗಮನ ಇಲ್ಲ, ಮರೆವು ಅಂತ ಮಗೂನೇ ಬೈತೀವಿ, ಪಾಪ.

ಗೇಟ್ ಹತ್ರ ಕಾಯುವಾಗ ಇಂಜಿನ್ ಆಫ್ ಮಾಡ್ಬಿಡಿ ಪ್ಲೀಸ್, ಎಸಿ ಹಾಕ್ಕೊಂಡು ಕಾರಲ್ಲಿ ಕೂತಿರೋ ಅಪ್ಪ ಅಮ್ಮಂದಿರೂ.