ಗಾಯಕ್ಕೆ ಮಣ್ಣು ಹಚ್ಚುವ ಮುಂಚೆ

ನಮ್ಮ ಕಡೆ ಮೈಮೇಲೆ ಏನೇ ಆದರೂ ಮೊದಲು ನೆನಪಾಗುವುದು ಹುತ್ತದ ಮಣ್ಣು. ಕಣಜ ಕಚ್ಚಿದರೆ, ಕಾಲು ಉಳುಕಿದರೆ ನೀರಲ್ಲಿ ಕಲಸಿ ದಪ್ಪಗೆ ಮೆತ್ತುತ್ತಾರೆ. ಇದಕ್ಕೆ ನನ್ನದೇನೂ ತಕರಾರಿಲ್ಲ. ಒದ್ದೆ ಮಣ್ಣು ಆರುತ್ತಾ ಚರ್ಮ ತಣ್ಣಗಾಗುತ್ತದೆ, ಉರಿ ಸ್ವಲ್ಪ ಇಳಿಯುತ್ತದೆ, ಆಮೇಲೆ ತೊಳೆದುಕೊಂಡರಾಯಿತು. ಪ್ರಕೃತಿ ಚಿಕಿತ್ಸೆಯವರೂ ಆಳದಿಂದ ಮಣ್ಣು ತೆಗೆದು, ಒಣಗಿಸಿ, ಜರಡಿ ಹಿಡಿದು ಹೊಟ್ಟೆ ಮೇಲೆ ಪಟ್ಟಿ ಹಾಕುತ್ತಾರೆ, ಅಲ್ವಾ? ಅಲ್ಲೆಲ್ಲ ಚರ್ಮ ಹರಿದಿರುವುದಿಲ್ಲ. ತರಚಿದ ಮೊಣಕಾಲಿಗೆ, ಕುಡುಗೋಲು ತಾಗಿದ ಬೆರಳಿಗೆ ಅದೇ ಮಣ್ಣು ಮೆತ್ತುವುದು ಬೇರೆಯದೇ ಮಾತು.

ಹೀಗಂದ ಕೂಡಲೇ "ಗಾಂಧೀಜಿನೇ ಮಾಡಿದ್ರಲ್ಲ" ಅಂತ ಯಾರಾದರೂ ಹೇಳುತ್ತಾರೆ. ಹೌದು, ಮಾಡಿದ್ದರು. ಮಗ ರಾಮದಾಸ ಹಡಗಿನಲ್ಲಿ ಕ್ಯಾಪ್ಟನ್ ಜೊತೆ ಆಡುತ್ತಾ ಕೈ ಮುರಿದುಕೊಂಡು ದಕ್ಷಿಣ ಆಫ್ರಿಕಾಕ್ಕೆ ಬಂದಿಳಿದ. ಮನೆಗೆ ಹೋದಮೇಲೆ ಒಳ್ಳೆ ಡಾಕ್ಟರ ಹತ್ತಿರ ಪಟ್ಟಿ ಕಟ್ಟಿಸಿ ಎಂದಿದ್ದರು ಹಡಗಿನ ವೈದ್ಯರು. ಗಾಂಧೀಜಿ ನಡುಗುವ ಕೈಯಲ್ಲಿ ತಾವೇ ಪಟ್ಟಿ ಬಿಚ್ಚಿ, ಗಾಯ ತೊಳೆದು, ಶುಚಿಯಾದ ಮಣ್ಣು ಹಾಕಿ ಕಟ್ಟಿದರು. ದಿನಾ ಹೀಗೆ, ಸುಮಾರು ಒಂದು ತಿಂಗಳು. ಗಾಯ ವಾಸಿಯಾಯಿತು. ಆದರೆ ಇದನ್ನೆಲ್ಲ ಬರೆದ ಅವರ ಆತ್ಮಕಥೆಯಲ್ಲೇ ಇನ್ನೊಂದು ಮಾತಿದೆ, ಅದನ್ನು ಯಾರೂ ಎತ್ತುವುದಿಲ್ಲ: ಮಾಮೂಲಿ ಚಿಕಿತ್ಸೆಗೆ ಎಷ್ಟು ದಿನ ಬೇಕು ಅಂತ ಹಡಗಿನ ವೈದ್ಯರು ಹೇಳಿದ್ದರೋ ಅದಕ್ಕಿಂತ ಜಾಸ್ತಿ ಹಿಡಿಯಲಿಲ್ಲವಂತೆ. ಕಮ್ಮಿ ಹಿಡಿಯಿತು ಅಂತ ಅವರೂ ಹೇಳಿಲ್ಲ ನೋಡಿ. ನನಗೆ ಕೇಳಿದರೆ ದಿನಾ ತೊಳೆದದ್ದೇ ಅರ್ಧ ಔಷಧಿ.

ಹಾಗಂತ ಮಣ್ಣಲ್ಲಿ ಏನೂ ಇಲ್ಲ ಅನ್ನುವಂತಿಲ್ಲ. ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಬುರುಲಿ ಹುಣ್ಣು ಅಂತ ಒಂದು ಕಾಯಿಲೆ ಇದೆ, ಚರ್ಮ ಮಾಂಸ ಎಲ್ಲ ಕೊಳೆಸಿಬಿಡುತ್ತದೆ. ಅಲ್ಲಿ ಫ್ರಾನ್ಸಿನ ಒಬ್ಬ ಮಹಿಳೆ ತಮ್ಮ ದೇಶದ ಹಸಿರು ಜೇಡಿಮಣ್ಣು ಹಚ್ಚಿ ಎಷ್ಟೋ ಜನರ ಹುಣ್ಣು ಮಾಯಿಸಿದ್ದರು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಲಿಂಡಾ ವಿಲಿಯಮ್ಸ್ ಮತ್ತು ಶೆಲ್ಲಿ ಹೇಡೆಲ್ ಆ ಮಣ್ಣನ್ನು ಲ್ಯಾಬಿಗೆ ತಂದರು. ಎರಡು ಬಗೆಯ ಹಸಿರು ಮಣ್ಣು, ಖನಿಜದ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದೇ. ಒಂದು ಬ್ಯಾಕ್ಟೀರಿಯಾ ಕೊಂದಿತು. ಇನ್ನೊಂದರಲ್ಲಿ ಅವು ಇನ್ನೂ ಚೆನ್ನಾಗಿ ಬೆಳೆದವು! ಕೊಲ್ಲುವ ಗುಣ ಬರುವುದು ಮಣ್ಣಿಂದ ನೀರಿಗೆ ಬಿಡುವ ಕಬ್ಬಿಣದಂಥ ಲೋಹಗಳಿಂದ ಅಂತ ಆಮೇಲಿನ ಸಂಶೋಧನೆಗಳು ಹೇಳಿದವು. ಇಂಥ ಮಣ್ಣು ಸಿಗುವುದೇ ಅಪರೂಪ. ಲ್ಯಾಬಲ್ಲೇ ಪರೀಕ್ಷೆ ಮಾಡದೆ ಗೊತ್ತಾಗದ ವ್ಯತ್ಯಾಸ, ಹಿತ್ತಲ ಹುತ್ತದ ಮುಂದೆ ನಿಂತ ನಮಗೆ ಬಣ್ಣ ನೋಡಿ, ವಾಸನೆ ನೋಡಿ ಎಲ್ಲಿ ಗೊತ್ತಾಗಬೇಕು?

ರಕ್ತ ನಿಲ್ಲಿಸುವುದರಲ್ಲಂತೂ ಮಣ್ಣಿಗೆ ಒಳ್ಳೆ ಹೆಸರಿದೆ. ಕೇಯೊಲಿನ್ ಅನ್ನುವ ಬಿಳಿ ಜೇಡಿ ರಕ್ತ ಹೆಪ್ಪುಗಟ್ಟುವುದನ್ನು ಚುರುಕು ಮಾಡುತ್ತದೆ, ಅದನ್ನು ಹಚ್ಚಿದ ಬಟ್ಟೆಯನ್ನು ಅಮೆರಿಕದ ಸೈನಿಕರು ಪ್ರಥಮ ಚಿಕಿತ್ಸೆಯ ಕಿಟ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಆದರೆ ಇನ್ನೊಂದು ಜಾತಿಯ ಜೇಡಿಯ ಪುಡಿಯನ್ನು ಅದೇ ಸೇನೆ 2009ರಲ್ಲಿ ಕೈಬಿಟ್ಟಿತು, ಪ್ರಾಣಿಗಳ ಮೇಲೆ ನೋಡಿದಾಗ ಪುಡಿ ರಕ್ತನಾಳದೊಳಗೆ ಸೇರಿ ಅಲ್ಲೂ ಹೆಪ್ಪುಗಟ್ಟಿಸುತ್ತಿತ್ತು.

ನಮ್ಮ ಮಣ್ಣಿನ ದೊಡ್ಡ ತಲೆನೋವು ಧನುರ್ವಾಯು, ಅಂದರೆ ಟೆಟನಸ್. ಅದರ ಬೀಜಾಣು ಮಣ್ಣಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತದೆ, ಬಿಸಿಲಿಗೆ ಒಣಗಿಸಿದರೂ ಸಾಯುವುದಿಲ್ಲ, ಕುದಿಸಿದರೂ ಸುಲಭಕ್ಕೆ ಸಾಯುವುದಿಲ್ಲ. ಗಾಳಿ ಆಡದ ಕಡೆ ಅದು ಚಿಗುರುತ್ತದೆ. ಮೊಳೆ ಚುಚ್ಚಿದ ಆಳದ ಗಾಯಕ್ಕೆ ಮೇಲಿಂದ ದಪ್ಪಗೆ ಮಣ್ಣು ಮೆತ್ತಿದರೆ ನಾವೇ ಬೀಜ ಹಾಕಿ ಬಾಗಿಲು ಮುಚ್ಚಿದ ಹಾಗೆ.

ಗಾಯವಾದರೆ ಹರಿಯುವ ನೀರು, ಸೋಪು, ಒಗೆದ ಬಟ್ಟೆ ಸಾಕು. ಚುಚ್ಚಿದ್ದೋ ಆಳದ್ದೋ ಆದರೆ ಧನುರ್ವಾಯುವಿನ ಚುಚ್ಚುಮದ್ದು (ಟಿಟಿ) ಯಾವಾಗ ಹಾಕಿಸಿದ್ದು ಅಂತ ನೆನಪು ಮಾಡಿಕೊಂಡು ಡಾಕ್ಟರ ಹತ್ತಿರ ಹೋಗಿ. ಇನ್ನು ಮುಲ್ತಾನಿ ಮಿಟ್ಟಿ ಪ್ಯಾಕೆಟ್ ಬಗ್ಗೆ ಕೇಳುವವರಿಗೆ: ಧಾರಾಳವಾಗಿ ಹಚ್ಚಿಕೊಳ್ಳಿ, ಚಿವುಟಿ ಒಡೆದ ಮೊಡವೆ ಇರುವ ಜಾಗ ಬಿಟ್ಟು.